ಕರಿ ಗಾಡಿಯ ಗುಂಡು ಗೀರುಗಳು

ಹೋದ ತಿಂಗಳು ಮಗಳ ಕಾರಿನ ಬಾಗಿಲಿಗೆ ಯಾರೋ ಗೀರಿ ಹೋದರು. ಅದನ್ನು ತೆಗೆಸಲು ಅಕ್ಕಲಕೋಟೆ ರಸ್ತೆಯ ಪಾಲಿಶ್ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಗೀರು ತಿಕ್ಕಿ ಅಳಿಸುವ ‘ಕಂಪೌಂಡ್’ ಮುಲಾಮಿನ ಡಬ್ಬಿ ತೆರೆದ. ಸೀಮೆಎಣ್ಣೆಯಲ್ಲಿ ಸುಣ್ಣ ಕಲಸಿದಂಥ ವಾಸನೆ. ನಾನು ಕುರ್ಚಿಯಿಂದೆದ್ದು ಹೊರಗೆ ಬಂದು ನಿಂತೆ. ಹನ್ನೊಂದು ವರ್ಷ ಆ ವಾಸನೆಯಿಂದ ತಪ್ಪಿಸಿಕೊಂಡೇ ತಿರುಗಿದ್ದೆನೆಂಬುದು ಆಗ ತಿಳಿಯಿತು.

ಅದು ಮಾಮಾನ ಕೈಯ ವಾಸನೆ. ಸೋಲಾಪುರದ ನಮ್ಮ ಓಣಿಯಲ್ಲಿ ನಾಲ್ಕು ಮನೆಗಳ ಕಾರು ತೊಳೆಯುತ್ತಿದ್ದರು. ಎಲ್ಲರಿಗೂ ಮಾಮಾ. ಹೆಸರನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹಿಂದೆ ಗ್ಯಾರೇಜಿನಲ್ಲಿ ಬಣ್ಣ ಹೊಡೆಯುತ್ತಿದ್ದವರು, ಬಣ್ಣದ ಹೊಗೆ ಎದೆಗೆ ಹತ್ತಿದ ಮೇಲೆ ಅದನ್ನು ಬಿಟ್ಟು ಬಕೆಟ್ ಹಿಡಿದಿದ್ದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅವರಿಗೆ ‘ನೀ’ ಅನ್ನುತ್ತಿದ್ದೆ. ಈಗ ಬರೆಯುವಾಗ ‘ಅವರು’ ಅನ್ನುತ್ತಿದ್ದೇನೆ... ಈ ಮರ್ಯಾದೆ ಆಗ ಎಲ್ಲಿ ಹೋಗಿತ್ತೋ.

ಅವರು ಕಾರು ತೊಳೆಯುವ ರೀತಿ ನೋಡಬೇಕಿತ್ತು. ಮೊದಲು ಬಟ್ಟೆ ಮುಟ್ಟಿಸುತ್ತಿರಲಿಲ್ಲ. ಮೇಲಿನಿಂದ ನಿಧಾನವಾಗಿ ನೀರು ಸುರಿದು, ಧೂಳೆಲ್ಲ ತಾನೇ ಇಳಿದು ಹೋಗುವ ತನಕ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಸಾಬೂನಿನ ನೀರು, ಇನ್ನೊಂದು ಬಟ್ಟೆ ಜಾಲಿಸುವುದಕ್ಕೆ. ಬಟ್ಟೆ ಎಂದರೆ ಹಳೆಯ ಸೀರೆಯ ತುಂಡು, ಕೂಸಿನ ಕೆನ್ನೆಗೂ ಒರೆಸಬಹುದು, ಅಷ್ಟು ಮೆತ್ತಗೆ. ಕೈ ಯಾವಾಗಲೂ ಉದ್ದಕ್ಕೆ ಓಡುತ್ತಿತ್ತು, ಗುಂಡಗೆ ತಿರುಗಿದ್ದನ್ನು ನಾನು ನೋಡಿಲ್ಲ.

ನಮ್ಮದು ನವಿ ಪೇಠದಲ್ಲಿ ಟಾವೆಲ್, ಚಾದರದ ಅಂಗಡಿ. ಅಪ್ಪನ ಕಾಲದಿಂದಲೂ ಬಾಗಿಲು ತೆರೆದ ಕೂಡಲೇ ಹೊಸ ಟಾವೆಲ್ ತೆಗೆದು ಗಲ್ಲಾ ಪೆಟ್ಟಿಗೆಯನ್ನು ಗುಂಡಗೆ ಒರೆಸಿ, ಕೈ ಮುಗಿದು, ಆಮೇಲೆ ವ್ಯಾಪಾರ. ನಮ್ಮ ಮನೆತನಕ್ಕೆ ಮೊದಲ ಕಾರು ಬಂದದ್ದು ನನ್ನ ಕೈಯಿಂದ. ಮಿರಿಮಿರಿ ಮಿಂಚುವ ಕರಿ ಬಣ್ಣದ್ದು. ಅಕ್ಕಲಕೋಟೆಯ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಿಕೊಂಡು ಬಂದ ಮರುದಿನದಿಂದ ಅದಕ್ಕೂ ಅದೇ ಪದ್ಧತಿ. ಮಾಮಾ ನಸುಕಿನಲ್ಲಿ ತೊಳೆದು ಹೋಗಿರುತ್ತಿದ್ದರು. ಹತ್ತು ಗಂಟೆಗೆ ನಾನು ಹೊರಡುವಷ್ಟರಲ್ಲಿ ಮತ್ತೆ ಧೂಳು ಕೂತಿರುತ್ತಿತ್ತು. ಅಂಗಡಿಯ ಹೊಸ ಟಾವೆಲ್ ತೆಗೆದು, ನೀರು ಕೂಡ ಮುಟ್ಟಿಸದೆ, ಬಾನೆಟ್ಟಿನ ಮೇಲೆ ಗುಂಡಗೆ, ಭಕ್ತಿಯಿಂದ ತಿರುವುತ್ತಿದ್ದೆ.

ಒಂದು ದಿನ ಮಾಮಾ ಅದನ್ನು ಕಂಡರು. “ಸಾವಕಾರ್ರ, ಹೊಸಾ ಟಾವೆಲ್ ಬ್ಯಾಡ್ರಿ. ಅದರಾಗ ಗಂಜಿ ಇರ್ತದ, ಧೂಳು ಹಿಡದು ತಿಕ್ಕತದ. ಕರಿ ಬಣ್ಣ ಭಾಳ ನಾಜೂಕ ಇರ್ತದರಿ” ಅಂದರು.

ನನಗೆ ಸಿಟ್ಟು ಬಂತು. ಊರೂರಿಗೆ ಹೋಗುವ ನಮ್ಮ ಟಾವೆಲ್ಲಿನಲ್ಲಿ ಕುಂದು ತೆಗೆಯಲು ಇವನಾರು? “ನಮ್ಮ ಮಾಲು ನನಗ ಗೊತ್ತದ, ನೀ ನಿನ್ನ ಕೆಲಸ ನೋಡ್” ಅಂದೆ. ಅವರು ಮತ್ತೆ ಆ ಮಾತು ತೆಗೆಯಲಿಲ್ಲ.

ನಾಲ್ಕು ತಿಂಗಳಾಗಿರಬೇಕು. ಒಂದು ಭಾನುವಾರ, ನಡು ಮಧ್ಯಾಹ್ನದ ಬಿಸಿಲು. ಎದುರು ಮನೆಯ ಬ್ಯಾಂಕಿನ ಕಾರಕೂನರು ಕಾರಿನ ಸುತ್ತ ಒಂದು ಸುತ್ತು ಬಂದು, “ಅರೆ, ಇದೇನ್ರಿ ಜೇಡನ ಬಲಿ ಕಟ್ಟಿದಂಗ ಆಗ್ಯದ!” ಅಂದರು. ಬಗ್ಗಿ ನೋಡಿದೆ. ಬಾನೆಟ್ಟಿನ ತುಂಬ ಸಣ್ಣ ಸಣ್ಣ ಗುಂಡು ಗೀರುಗಳು, ಒಂದರೊಳಗೊಂದು. ಮತ್ತಿಬ್ಬರು ನೆರೆಯವರೂ ಹೊರಗೆ ಬಂದರು. ಮಾಮಾ ಪಕ್ಕದ ಮನೆಯ ಗಾಡಿಯ ಗಾಲಿ ತಿಕ್ಕುತ್ತಿದ್ದರು. ಅಲ್ಲಿಗೇ ಕೂಗಿ ಕರೆದೆ.

ಅವರು ಬಂದು, ಬಗ್ಗಿ, ಬಹಳ ಹೊತ್ತು ನೋಡಿದರು. “ನಾ ಹಿಂಗ ಒರಸಂಗಿಲ್ರಿ ಸಾವಕಾರ್ರ...” ಅಂದರು.

“ನೀ ಅಲ್ದ ಮತ್ಯಾರು ಮುಟ್ಟತಾರ ಈ ಗಾಡಿ? ಕಣ್ಣು ಕಾಣಂಗಿಲ್ಲಂದ್ರ ಕೆಲಸ ಬಿಟ್ಟುಬಿಡು.”

ಎಲ್ಲರ ಮುಂದೆ ಅಂದೆ. ಆಗ ಟಾವೆಲ್ ನನ್ನ ಹೆಗಲ ಮೇಲೇ ಇತ್ತು. ಮಾಮಾ ತಮ್ಮ ಅಂಗೈಯನ್ನು ತಿರುಗಿಸಿ ಒಮ್ಮೆ ನೋಡಿಕೊಂಡರು.

ಮರುದಿನ ಕಂಪೌಂಡಿನ ಡಬ್ಬಿ ಹಿಡಿದು ಬಂದರು. ಎರಡು ದಿನ ಬೇವಿನ ನೆರಳಲ್ಲಿ ಕೂತು, ಒಂದೊಂದು ಗೇಣು ಜಾಗ ತಿಕ್ಕಿ, ಒರೆಸಿ, ಉಗುರು ಆಡಿಸಿ ನೋಡಿದರು. ಉಗುರು ಸಿಕ್ಕಿಬೀಳುವಷ್ಟು ಆಳದ ಗೀರು ಬಾಗಿಲ ಮೇಲೆ ಒಂದಿತ್ತು. ಅದಕ್ಕೆ ಸಣ್ಣ ಕುಂಚದ ತುದಿಯಿಂದ ಬಣ್ಣ ತುಂಬಿದರು. ನಡುನಡುವೆ ಕೆಮ್ಮು ಬರುತ್ತಿತ್ತು. ಎದೆಗಾಗದ ವಾಸನೆಯಲ್ಲೇ ಅವರು ಎರಡು ದಿನ ಕೂತಿದ್ದರು, ನಾನು ಚಹಾ ಕೂಡ ಕಳಿಸಲಿಲ್ಲ. ಕಾರು ಶೋರೂಮಿನಿಂದ ಬಂದಂತಾಯಿತು. ಆ ವಾರವೇ ಉಳಿದ ಮೂರೂ ಮನೆಗಳವರೂ ಅವರನ್ನು ಕೆಲಸದಿಂದ ಬಿಡಿಸಿದರು. ಅವರು ತಮ್ಮ ಊರಾದ ಅಕ್ಕಲಕೋಟೆಗೆ ಮರಳಿದರೆಂದು ಯಾರೋ ಹೇಳಿದರು.

ಇಲ್ಲಿಗೆ ಮುಗಿದಿದ್ದರೆ ತಿಳಿಯದೆ ಮಾಡಿದ ತಪ್ಪು ಅನ್ನಬಹುದಿತ್ತು. ಮಾಮಾ ಹೋದ ಮೇಲೆ ಕಾರು ತೊಳೆಯಲು ನಾನು ಯಾರನ್ನೂ ಇಡಲಿಲ್ಲ. ನೀರು ಹಾಕುವವನೂ ನಾನೇ, ಒರೆಸುವವನೂ ನಾನೇ. ಮೂರು ತಿಂಗಳಲ್ಲಿ ಗುಂಡು ಗೀರುಗಳು ಮತ್ತೆ ಬಂದವು. ಅದೇ ಜಾಗ, ಅದೇ ಸುತ್ತು. ಟಾವೆಲ್ ಹಿಡಿದ ನನ್ನ ಕೈಯನ್ನು ಅದರ ಮೇಲಿಟ್ಟು ತಿರುವಿ ನೋಡಿದೆ, ಸರಿಯಾಗಿ ಕೂತಿತು. ಕಾರಕೂನರು ಕೇಳಿದಾಗ, “ಸೋಲಾಪುರದ ಧೂಳಲ್ರೀ, ಏನ್ ಮಾಡೂದು” ಅಂದೆ. ನಾಚಿಕೆಯಿಲ್ಲದೆ ನಕ್ಕೆ ಕೂಡ.

ಆಮೇಲೆ ಒಮ್ಮೆ ಅಕ್ಕಲಕೋಟೆಯಲ್ಲಿ ಗಾಡಿ ನಿಲ್ಲಿಸುವ ಬಯಲಿನಲ್ಲಿ ಅವರು ಕಂಡರು, ಭಕ್ತರ ಗಾಡಿ ತೊಳೆಯುತ್ತಿದ್ದರು. ನನ್ನ ಕಾರು ಕಂಡದ್ದೇ ಬಕೆಟ್ ಎತ್ತಿಕೊಂಡು ಆಚೆ ಸರಿದರು. ಸಿಟ್ಟಿರಬೇಕು ಅಂದುಕೊಂಡೆ. ಮಾತಾಡುವುದು ತಪ್ಪಿತಲ್ಲ ಎಂದು ಒಳಗೊಳಗೆ ಹಗುರಾದೆ.

ಪಾಲಿಶ್ ಅಂಗಡಿಯ ಆ ವಾಸನೆಯ ಮರುದಿನ ಅದೇ ಬಯಲಿಗೆ ಹೋಗಿ ಕೇಳಿದೆ. ಹೂ ಮಾರುವವಳು, ಮಾಮಾ ತೀರಿಕೊಂಡು ಎರಡು ವರ್ಷವಾಯಿತೆಂದು ಹೇಳಿ ಮನೆ ತೋರಿಸಿದಳು. ಅವರ ಹೆಂಡತಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳಿದೆ.

“ಕರಿ ಗಾಡಿ ಸಾವಕಾರ್ರಾ?” ಅಂದರು. “ನಿಮ್ಮ ಗಾಡಿ ಸುದ್ದಿ ಭಾಳ ತಗೀತಿದ್ರರಿ. ‘ನನ್ನ ಬಟ್ಟ್ಯಾಗ ಉಸುಕು ಉಳದಿತ್ತೇನೋ, ಕಣ್ಣಿಗೆ ಕಾಣಲಿಲ್ಲ’ ಅಂತಿದ್ರು. ಆವತ್ತಿನಿಂದ ಬಟ್ಟಿ ಮೂರ್ ಮೂರ್ ಸಲ ಒಗದು, ಬಿಸಲಿಗೆ ಹಿಡದು ನೋಡತಿದ್ರು. ಕರಿ ಗಾಡಿ ಬಂತಂದ್ರ ಮುಟ್ಟತಿರಲಿಲ್ಲ. ‘ನನ್ನ ಕೈ ಛಲೋ ಇಲ್ಲ, ಬ್ಯಾರೆಯವರ ಕಡೆ ಒಯ್ರಿ’ ಅಂತ ಕಳಸ್ತಿದ್ರು.”

ಸಿಟ್ಟಲ್ಲ. ನಾನು ಅಂದದ್ದನ್ನು ಅವರು ನಂಬಿದ್ದರು. ಸಾಯುವ ತನಕ ನಂಬಿದ್ದರು. ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ: ಟಾವೆಲ್, ಗಂಜಿ, ಮತ್ತೆ ಬಂದ ಗೀರುಗಳು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು.

ಅವರ ಕೈ ಮೊರದ ಮೇಲೆ ನಿಂತಿತು. “ಹಂಗಾದ್ರ ಅವರ ಕೈಲೆ ಆಗಿರಲಿಲ್ಲೇನ್ರಿ?”

“ಇಲ್ಲರಿ. ನನ್ನ ಕೈಲೆ ಆಗಿತ್ತು.”

ಮೊರವನ್ನು ಪಕ್ಕಕ್ಕೆ ಸರಿಸಿ ಅಂದರು: “ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ಯಾರ ಮುಂದ ಅವರಿಗೆ ಅಂದಿದ್ರಿ, ಅವರ ಮುಂದ ಹೋಗಿ ಹೇಳ್ರಿ.”

ಹೂಂ ಅಂದು ಬಂದೆ. ಮೂರು ವಾರವಾಯಿತು. ಕಾರಕೂನರು ನಿವೃತ್ತರಾಗಿದ್ದಾರೆ, ದಿನಾ ಬೆಳಿಗ್ಗೆ ಎದುರಿಗೇ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಾರೆ. ನಮಸ್ಕಾರ ಮಾಡುತ್ತೇನೆ, ಬಾಯಿ ತೆರೆಯುತ್ತೇನೆ, ಬಿಸಿಲಿನ ಮಾತಾಡಿ ಒಳಗೆ ಬರುತ್ತೇನೆ. ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಕನ್ನಡ ಸಾಲಿಯಲ್ಲಿ ಓದಿದವನು. ನಮ್ಮ ಓಣಿಯವರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದುವುದೆಲ್ಲ ಮರಾಠಿ. ಇದನ್ನು ಅವರಲ್ಲಿ ಒಬ್ಬರೂ ಓದಲಾರರು. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆದೆ.