ಬಾಗಿಲಲ್ಲಿ ನಿಂತು ಆಡಿದ ಮಾತು

ಹೊರ್ತಿಯಲ್ಲಿ ಬಸ್ಸು ಹತ್ತಿದಾಗಿನಿಂದ ತೊಡೆಯ ಮೇಲಿನ ಚೀಲ ಶೇಂಗಾ ಹಿಂಡಿಯ, ಅಂದರೆ ನಮ್ಮ ಕಡೆಯ ಖಾರದ ಚಟ್ನಿಪುಡಿಯ, ವಾಸನೆ ಹೊಡೆಯುತ್ತಿದೆ. ಪಕ್ಕದಲ್ಲಿ ಕೂತವರು ಆಗಲೇ ಎರಡು ಸಲ ನನ್ನ ಕಡೆ ತಿರುಗಿ ನೋಡಿದರು. ನಾನು ರಜೆ ಮುಗಿಸಿ ಜರ್ಮನಿಗೆ ಹೊರಡುವ ದಿನ ಅಕ್ಕ ಹಿಂಡಿ ಕುಟ್ಟಲೇಬೇಕು, ಅದು ಚೀಲ ಸೇರಲೇಬೇಕು, ಭಾರ ಹೆಚ್ಚಾಯಿತೆಂದು ನನ್ನ ಪುಸ್ತಕಗಳು ಹೊರಗೆ ಬೀಳಲೇಬೇಕು. "ಪುಸ್ತಕ ಅಲ್ಲೂ ಸಿಗತಾವು. ಹಿಂಡಿ ಯಾರು ಕೊಡತಾರ ನಿನಗ?" ಎನ್ನುತ್ತಾಳೆ. ಊರಿಗೆಲ್ಲ ಉಪದೇಶ ಮಾಡುವ ಫಾದರ್‌ಗೆ ಅಕ್ಕನ ಮುಂದೆ ಬಾಯಿಲ್ಲ.

ಫಾರಿನ್ ಫಾದರ್ ಎಂದರೆ ನಿಮ್ಮ ಕಣ್ಣಿಗೆ ಏನು ಕಟ್ಟುತ್ತದೋ ಏನೋ. ನನ್ನ ಪಾಡು ಹೇಳುತ್ತೇನೆ, ಕೇಳಿ. ಗುಡ್ಡದ ಮಗ್ಗುಲಿನ ಮೂರು ಹಳ್ಳಿ, ಮೂರು ಚರ್ಚು, ಫಾದರ್ ನಾನೊಬ್ಬನೇ. ಭಾನುವಾರ ಒಂದರಲ್ಲಿ ಪೂಜೆ ಮುಗಿಸಿ, ಕಾರಿನ ಗಾಜಿನ ಮೇಲಿನ ಹಿಮ ಕೆರೆದು, ಮತ್ತೊಂದಕ್ಕೆ ಓಡಬೇಕು. ಬೆಂಚುಗಳಲ್ಲಿ ಅಲ್ಲಲ್ಲಿ ನರೆತ ತಲೆಗಳು. ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸುವುದಕ್ಕಿಂತ ಮಣ್ಣು ಕೊಡುವ ಕೆಲಸವೇ ಜಾಸ್ತಿ. ಮಧ್ಯಾಹ್ನ ಒಬ್ಬನೇ ಕೂತು ಬ್ರೆಡ್ಡಿಗೆ ಹಿಂಡಿ ಹಚ್ಚಿಕೊಂಡು ತಿನ್ನುತ್ತೇನೆ. ಅವರ ಭಾಷೆ ಕಲಿತೆನೆಂಬ ಜಂಬವೇನೋ ನನಗಿತ್ತು. ಆದರೆ ಶಬ್ದ ಅವರದು, ದನಿ ಮಾತ್ರ ಇಂಡಿ ತಾಲೂಕಿನದು. ಮೊದಲ ಉಪದೇಶ ಮುಗಿದ ಮೇಲೆ ಗಂಟೆ ಬಾರಿಸುವ ಮುದುಕ ಹತ್ತಿರ ಬಂದು, "ಫಾದರ್, ನಮ್ಮಿಂದ ಏನಾದರೂ ತಪ್ಪಾಯಿತೆ?" ಎಂದು ಕೇಳಿದ. ನಾನು ದೇವರ ಪ್ರೀತಿಯ ಬಗ್ಗೆ ಮಾತಾಡಿದ್ದೆ!

ಆ ಊರಿನಲ್ಲಿ ಹೇಳದೆ ಕೇಳದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಸಿಂದಗಿಯಲ್ಲಿ ನಾನು ಹೊಸ ಫಾದರ್ ಆಗಿದ್ದಾಗ ಹಾಗಿರಲಿಲ್ಲ. ದೇವಣಗಾಂವದಿಂದ ಸಂತೆಗೆ ಬಂದವರು ಸೀದಾ ಒಳಗೆ ಬಂದು, ನೀರು ಕೇಳಿ ಕುಡಿದು, ಹೊತ್ತು ಏರುವ ತನಕ ಹರಟೆ ಹೊಡೆದು, "ಬರ್ತೇನ್ರಿ ಫಾದರ್" ಎಂದು ಏಳುತ್ತಿದ್ದರು. "ಹೂಂ, ಬರ್ರಿ" ಎನ್ನುತ್ತಿದ್ದೆ. ಆಮೇಲೆ ತಿಂಗಳುಗಟ್ಟಲೆ ಅವರ ಪತ್ತೆಯೇ ಇರುತ್ತಿರಲಿಲ್ಲ, ಯಾರೂ ತಪ್ಪು ತಿಳಿಯುತ್ತಲೂ ಇರಲಿಲ್ಲ. ಹೊಸ್ತಿಲಲ್ಲಿ ನಿಂತು "ಹೋಗ್ತೇನಿ" ಎನ್ನುವುದುಂಟೆ? ಚಿಕ್ಕವನಿದ್ದಾಗ ಒಮ್ಮೆ ಹಾಗಂದು ಅವ್ವನ ಕೈಯಲ್ಲಿ ಬಾಯಿಮೇಲೆ ಪೆಟ್ಟು ತಿಂದಿದ್ದೇನೆ. ಹೋಗುವುದು ಸತ್ತವರು, ಬದುಕಿದವರು ಬರುತ್ತಾರೆ.

ಈ ಮಾತು ನನ್ನ ಜೊತೆ ಜರ್ಮನಿಗೂ ಬಂದಿತ್ತು, ನನಗೇ ಗೊತ್ತಿಲ್ಲದೆ.

ಚರ್ಚಿನವರೆಗೆ ಬರಲಾರದ ಮುದುಕರಿಗೆ ತಿಂಗಳಿಗೊಮ್ಮೆ ಶುಕ್ರವಾರ ಪರಮಪ್ರಸಾದ ಒಯ್ದು ಕೊಡುತ್ತೇನೆ. ಅವರಲ್ಲಿ ತೆರೇಸಾ ಎಂಬ ಅಜ್ಜಿಯ ಮನೆ ಕಡೆಯದು. ಗಂಡ ಬಡಗಿಯಾಗಿದ್ದವನು, ತೀರಿಹೋಗಿದ್ದ. ಆಕೆ ಬಲು ಚೂಟಿ, ನನ್ನ ವ್ಯಾಕರಣ ತಿದ್ದುತ್ತ ಕಾಫಿ ಬಗ್ಗಿಸುತ್ತಿದ್ದಳು. ಪ್ರಾರ್ಥನೆಗಿಂತ ತಿದ್ದುಪಡಿಗೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ನಾನು, ಅವಳ ಭಾಷೆಯಲ್ಲೇ, "ಬರುತ್ತೇನೆ" ಎನ್ನುತ್ತಿದ್ದೆ. ಆ ಒಂದು ವಾಕ್ಯವನ್ನು ಮಾತ್ರ ಅವಳು ತಿದ್ದಲಿಲ್ಲ. ಅದರಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲ.

ಹೋದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಸುದ್ದಿ ನನಗೆ ಮುಟ್ಟಿದ್ದು ಉಸಿರು ನಿಂತ ಮೇಲೆ. ಮಣ್ಣಾದ ನಂತರ ಎಲ್ಲರೂ ಕಾಫಿಗೆ ಕೂತಾಗ ಪಕ್ಕದ ಮನೆಯ ಮಾರಿಯಾ ನನ್ನೆದುರು ಬಂದು ಕೂತಳು. ಸಿಟ್ಟಿರಲಿಲ್ಲ, ಅರ್ಥವಾಗದೆ ಕೇಳಿದಳು, ಅಷ್ಟೆ.

"ಫಾದರ್, ಪ್ರತಿ ಸಲವೂ ಬರುತ್ತೇನೆ ಎಂದು ಹೇಳಿ ಹೋಗುತ್ತಿದ್ದಿರಂತೆ. ನಮ್ಮಲ್ಲಿ ಹಾಗಂದವರು ಬೇಗನೆ ತಿರುಗಿ ಬಂದೇ ಬರುತ್ತಾರೆ. ಅವಳು ಅವತ್ತು ಸಂಜೆ ಮತ್ತೆ ಕಾಫಿಗೆ ಎರಡು ಕಪ್ಪು ಇಟ್ಟುಕೊಂಡು ಕಿಟಕಿ ಹತ್ತಿರ ಕೂತಿರುತ್ತಿದ್ದಳು. ನೀವು ಬಂದೀರೆಂದು ನಮ್ಮ ಮನೆಗೆ ಇಸ್ಪೀಟಿಗೂ ಬರುತ್ತಿರಲಿಲ್ಲ. ಮೂರೂರಿನ ಫಾದರ್, ಪಾಪ, ಪುರುಸೊತ್ತಾಗಿಲ್ಲ ಎನ್ನುತ್ತಿದ್ದಳು."

ನಾನು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟೆ.

"ಕೊನೆಯ ದಿನವೂ ಹಾಗೇ. ಉಸಿರು ಕಟ್ಟುತ್ತಿತ್ತು. ಫಾದರ್‌ಗೆ ಫೋನ್ ಮಾಡಲೇ ಎಂದೆ. ಬೇಡ, ಅವರೇ ಬರುತ್ತೇನೆ ಅಂದಿದ್ದಾರೆ ಅಂದಳು."

ಸಾಯುವವರ ಹಣೆಗೆ ಪವಿತ್ರ ಎಣ್ಣೆ ಹಚ್ಚಿ ಕಳಿಸಿಕೊಡುವುದೇ ನಮ್ಮ ಕೆಲಸ. ಅದಕ್ಕೆಂದೇ ಕಡಲು ದಾಟಿ ಹೋದವನು ನಾನು. ಅವಳ ಮನೆಗೂ ನನ್ನ ಮನೆಗೂ ಕಾರಿನಲ್ಲಿ ಹೆಚ್ಚು ಹೊತ್ತಿನ ದಾರಿಯೂ ಅಲ್ಲ. ಆ ಎಣ್ಣೆಯಿಲ್ಲದೆ ಅವಳು ಹೋದಳು, ನನ್ನ ಮಾತು ನಂಬಿದ ತಪ್ಪಿಗೆ. ದೇವರು ಅವಳನ್ನು ಕೈಬಿಟ್ಟಿರಲಾರ, ಅದು ನನಗೆ ಗೊತ್ತು.

ಮಾರಿಯಾಳಿಗೆ ನಮ್ಮ ಕಡೆಯ ರೂಢಿಯನ್ನು ಬಿಡಿಸಿ ಹೇಳಿದೆ. ಹೊರಡುವವರು ಬರುತ್ತೇನೆ ಎನ್ನುತ್ತಾರೆ, ಅದು ಶಕುನದ ಮಾತು, ಕೇಳುವವರಿಗೂ ಅದು ಗೊತ್ತಿರುತ್ತದೆ ಎಂದೆ. ಅವಳು ಪೂರ್ತಿ ಕೇಳಿ, "ಹಾಗಾದರೆ ನಿಮ್ಮೂರಿನಲ್ಲಿ ನಿಜವಾಗಿ ಬರುವವರು ಏನನ್ನುತ್ತಾರೆ?" ಎಂದಳು.

ಅಂದಿನಿಂದ ಆ ದೇಶದಲ್ಲಿ ಯಾರ ಮನೆಯಿಂದ ಹೊರಟರೂ ಅವರದೇ ರೀತಿಯಲ್ಲಿ ನಮಸ್ಕಾರ ಹೇಳಿ, ಬಾಯಿ ಬಿಗಿದುಕೊಂಡು ಕಾರು ಹತ್ತುತ್ತೇನೆ.

ಇವತ್ತು ಬೆಳಿಗ್ಗೆ ಅಕ್ಕನ ಹೊಸ್ತಿಲಲ್ಲೂ ಬಾಯಿ ಬಿಗಿಯಿತು. ಜರ್ಮನಿಯ ಬಿಷಪ್ಪರು ನಾಲ್ಕನೆಯ ಹಳ್ಳಿಯನ್ನೂ ನನ್ನ ತಲೆಗೆ ಕಟ್ಟುತ್ತಿದ್ದಾರೆ. ಮುಂದಿನ ರಜೆ ಯಾವಾಗಲೋ ತಿಳಿಯದು. ಅಕ್ಕನ ಎದೆನೋವಿಗೆ ವಿಜಯಪುರದ ಡಾಕ್ಟರು ಗುಳಿಗೆ ಬದಲಿಸುತ್ತಲೇ ಇದ್ದಾರೆ. ಇಬ್ಬರಿಗೂ ಎಲ್ಲ ಗೊತ್ತು. ನೆರೆಮನೆಯ ಮೌಲಾಸಾಬ್ ನನ್ನ ಪೆಟ್ಟಿಗೆ ಹೊತ್ತುಕೊಂಡು ಹೊರಗೆ ನಿಂತು, "ಲಗೂ ಬರ್ರಿ ಫಾದರ್, ಬಸ್ಸು ತಪ್ಪತೈತಿ" ಎಂದು ಕೂಗುತ್ತಿದ್ದ.

ನಾನು ಅಕ್ಕನ ಕೈ ಹಿಡಿದು ನಿಂತಿದ್ದೆ. ಅವಳು ಕಾದಳು.

"ಯಾಕೋ ತಮ್ಮಾ, ಬಾಯಾಗ ಏನ್ ಇಟಗೊಂಡಿ? ಬರ್ತೇನಿ ಅನ್ನು."

"ಅಕ್ಕಾ, ಯಾವಾಗ ಆಗತೈತೋ ಏನೋ. ಸುಳ್ಳ ಹೆಂಗ ಹೇಳಲಿ?"

"ಖರೇ ಯಾರು ಕೇಳ್ಯಾರೋ ನಿನಗ? ಸುಳ್ಳರೇ ಹೇಳಿ ಹೋಗು."

"ಬರ್ತೇನಿ ಅಕ್ಕಾ" ಎಂದೆ.

ಅಕ್ಕ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಗಿಲು ಮುಂದೆ ಮಾಡಿದಳು. ಅವಳು ನನ್ನ ಮಾತು ನಂಬಲಿಲ್ಲ. ಕಾಯುತ್ತ ಕೂರುವುದೂ ಇಲ್ಲ. ಆ ಮುದುಕಿ ನಂಬಿದ್ದಳು.