ಫೋಟೊ ನೋಡಿ ಕೊಟ್ಟ ತೀರ್ಪು

ಮೂಗಣ್ಣ ಸತ್ತುಹೋದ. ಬುಧವಾರ ಬೆಳಿಗ್ಗೆ ಕೆಳಗಿನ ಟೈರ್ ಅಂಗಡಿಯವನು ನೀರಿನ ಮೋಟಾರಿನ ಬೀಗದ ಕೈ ಕೇಳಲು ಮೆಟ್ಟಿಲು ಹತ್ತಿ ಹೋದಾಗ, ಅವನು ಕೆಲಸದ ಮೇಜಿನ ಮುಂದಿನ ಕುರ್ಚಿಯಲ್ಲೇ ತಣ್ಣಗಾಗಿದ್ದ. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು.

ಅಂತ್ಯಕ್ರಿಯೆಯಲ್ಲಿ ಅವನ ತಮ್ಮ ನಾಲ್ಕು ಮಾತಾಡಿದ. ನಮ್ಮಣ್ಣ ಶಾಂತಮೂರ್ತಿ, ಯಾರ ಮೇಲೂ ದನಿ ಏರಿಸಿದವನಲ್ಲ, ಇರುವೆಗೂ ನೋವು ಮಾಡಿದವನಲ್ಲ ಎಂದ. ಬಂದವರು ತಲೆಯಾಡಿಸಿದರು. ಹಿಂದೆ ನಿಂತಿದ್ದ ಗೆಳೆಯ ರಟ್ಟಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಇರುವೆಗೆ ನೋವು ಮಾಡಿರಲಿಕ್ಕಿಲ್ಲ, ನಿಜ. ಯಾವ ಇರುವೆಯೂ ಅವನ ಹತ್ತಿರ ಹಾರ್ಮೋನಿಯಂ ರಿಪೇರಿಗೆ ತಂದಿರಲಿಲ್ಲ. ತಂದಿದ್ದರೆ ಗೊತ್ತಾಗುತ್ತಿತ್ತು. ಅಣ್ಣನ ಕೋಣೆಗೆ ವರ್ಷಗಟ್ಟಲೆ ಕಾಲಿಡದ ಈ ತಮ್ಮ, ಸತ್ತವನಿಂದ ಅವನ ಸಿಟ್ಟನ್ನೂ ಕಿತ್ತುಕೊಂಡು ಹೂವಿನಂಥ ಯಾರೋ ಬೇರೆಯವನನ್ನು ಮಣ್ಣು ಮಾಡುತ್ತಿದ್ದಾನೆ ಅನ್ನಿಸಿತು. ಮಾತು ಮುಗಿಯುವ ಮೊದಲೇ ರಟ್ಟಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಗಾಳಿಯಿಂದ ನುಡಿಯುವ ವಾದ್ಯಗಳನ್ನು ರಿಪೇರಿ ಮಾಡುವುದು ಮೂಗಣ್ಣನ ಕಸುಬು. ಹಾರ್ಮೋನಿಯಂ, ಅಕಾರ್ಡಿಯನ್, ಎಲ್ಲಕ್ಕಿಂತ ಹೆಚ್ಚಾಗಿ ಕನ್ಸರ್ಟಿನಾ. ಇದು ಎರಡು ಅಂಗೈ ನಡುವೆ ಹಿಡಿದು ಎಳೆದು ಒತ್ತುವ ಆರುಮೂಲೆಯ ಪುಟ್ಟ ಪೆಟ್ಟಿಗೆ. ಎರಡು ಕಡೆಯೂ ಗುಂಡಿಗಳು, ನಡುವೆ ಮಡಿಕೆ ಮಡಿಕೆಯಾದ ತಿದಿ, ಒಳಗೆ ಗಾಳಿಗೆ ಅದುರಿ ದನಿ ಕೊಡುವ ಉಕ್ಕಿನ ತೆಳು ಪಟ್ಟಿಗಳು, ಅವೇ ರೀಡು. ಯಾರಾದರೂ ಹಳೆಯದೊಂದನ್ನು ತಂದು ಮೇಜಿನ ಮೇಲಿಟ್ಟರೆ ಅವನು ಮೊದಲು ನೋಡುತ್ತಿರಲಿಲ್ಲ, ಮೂಸುತ್ತಿದ್ದ. ಚರ್ಮ ಒಣಗಿದೆಯೋ, ಬೂಸ್ಟು ಹಿಡಿದಿದೆಯೋ, ಯಾವ ಪುಣ್ಯಾತ್ಮ ರೀಡಿಗೆ ಹೊಲಿಗೆ ಯಂತ್ರದ ಎಣ್ಣೆ ಸುರಿದಿದ್ದಾನೋ ಎಲ್ಲವೂ ಅವನಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು. ಹೆಸರು ಬಂದದ್ದು ಅದರಿಂದ. ಮೂಗಿನ ತುದಿಯಲ್ಲೇ ಸಿಟ್ಟೂ ಇದ್ದುದರಿಂದ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಎಣ್ಣೆ ಸುರಿದವರನ್ನು ಅವನು ಮೆಟ್ಟಿಲಿನ ತನಕ ಬೈದುಕೊಂಡೇ ಬಿಟ್ಟುಬರುತ್ತಿದ್ದ. ಆಮೇಲೆ ವಾರಗಟ್ಟಲೆ ಕೂತು ಒಂದೊಂದೇ ರೀಡನ್ನು ಒರೆಸಿ ಸರಿಮಾಡಿ ಕೊಡುತ್ತಿದ್ದ, ಕೊಡುವಾಗ ಇನ್ನೊಮ್ಮೆ ಬೈಯುತ್ತಿದ್ದ.

ರಟ್ಟಪ್ಪನದು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ. ತಿದಿ ಮಾಡುವುದಕ್ಕೂ ಬೇಕಾದದ್ದು ರಟ್ಟು, ಬಟ್ಟೆ, ತೆಳ್ಳಗೆ ಸವರಿದ ಚರ್ಮ, ಅಂಟು, ತಾಳ್ಮೆ. ಕೊನೆಯದು ಮೂಗಣ್ಣನ ಹತ್ತಿರ ಇಲ್ಲದ ಕಾರಣ ತಿದಿಗಳೆಲ್ಲ ರಟ್ಟಪ್ಪನಲ್ಲಿಗೆ ಬರುತ್ತಿದ್ದವು. ಇವನಿಗೆ ರಟ್ಟಪ್ಪ ಎಂದು ಹೆಸರಿಟ್ಟವನೂ ಅವನೇ. ನನ್ನದೊಂದು ಹೆಸರು ಊರೆಲ್ಲ ಓಡಾಡುವಾಗ ನೀನೊಬ್ಬ ಯಾಕೆ ಮರ್ಯಾದಸ್ಥನಾಗಿರಬೇಕು ಎಂಬುದು ಅವನ ವಾದ.

ಹಳೆಯ ಸಾಮಾನುಗಳನ್ನು ಫೋನಿನಲ್ಲೇ ಮಾರುವ ಕೊಳ್ಳುವ ಸೈಟು ಬಂದಮೇಲೆ ಮೂಗಣ್ಣನಿಗೆ ಹೊಸ ಕೆಲಸವೊಂದು ಅಂಟಿಕೊಂಡಿತು. ಹಳೆ ವಾದ್ಯ ಮಾರಾಟಕ್ಕೆ ಬಂದಾಗಲೆಲ್ಲ ಯಾರಾದರೂ ಅದರ ಫೋಟೊ ಕಳಿಸಿ ಕೊಳ್ಳಬಹುದೇ ಎಂದು ಕೇಳುತ್ತಿದ್ದರು. ಅವನು ಜಾಹೀರಾತಿನ ಕೆಳಗೇ, ಎಲ್ಲರಿಗೂ ಕಾಣುವಂತೆ, ಒಂದು ಸಾಲು ಬರೆಯುತ್ತಿದ್ದ. ಆ ಸಾಲು ಓದಿ ಕೊಳ್ಳುವವರು ಹಿಂದೆ ಸರಿಯುತ್ತಿದ್ದರು, ಇಲ್ಲವೇ ಮುಗಿಬೀಳುತ್ತಿದ್ದರು. ಕೈಯಲ್ಲಿ ಹಿಡಿಯದೆ, ಮೂಸದೆ ಹೇಗೆ ಹೇಳುತ್ತೀಯೋ ಎಂದು ರಟ್ಟಪ್ಪ ಕೇಳಿದ್ದುಂಟು. ಇಷ್ಟು ವರ್ಷ ನೋಡಿದವನಿಗೆ ಫೋಟೊ ಸಾಕು ಎಂದು ಬಾಯಿ ಮುಚ್ಚಿಸಿದ್ದ. ಊರಿನ ಮೋಸಗಾರರೆಲ್ಲ ತನ್ನ ಒಂದು ಸಾಲಿಗೆ ನಡುಗುತ್ತಾರೆ ಎಂಬ ಹಮ್ಮು ಅವನಿಗೆ ಒಳಗೊಳಗೇ ಇತ್ತು.

ಕಳೆದ ವಾರ ಅವನಿಗೆ ಬಂದ ಫೋಟೊಗಳು ನೂರು ವರ್ಷಕ್ಕೂ ಹಳೆಯ ಕನ್ಸರ್ಟಿನಾದ್ದು. ಕರಿಮರದ ಎರಡು ಬದಿ, ಬಳ್ಳಿಯಂತೆ ಕೊರೆದ ಕೆತ್ತನೆ, ಮೂಳೆಯ ಗುಂಡಿಗಳು. ಅಂಥದ್ದು ಕೈಗೆ ಸಿಗುವುದೇ ಅಪರೂಪ. ತೀರಿಹೋದ ಗಂಡನದು, ನನಗೆ ತಿಳಿದಂತೆ ಏನೂ ಬದಲಾಯಿಸಿಲ್ಲ ಎಂದು ಮಾರುವ ಹೆಂಗಸು ಬರೆದಿದ್ದಳು. ಮೂಗಣ್ಣ ತಿದಿಯನ್ನು ದೊಡ್ಡದು ಮಾಡಿ ನೋಡಿದ. ಆ ಕಾಲದ ತಿದಿಯ ಮಡಿಕೆಗಳೊಳಗೆ ಬಿಳಿ ಹಾಳೆಯ ಮೇಲೆ ಚುಕ್ಕಿ ನಕ್ಷತ್ರ ಇರಬೇಕು. ಇಲ್ಲಿ ಇದ್ದದ್ದು ನೀಲಿ. ಅವನು ಬರೆದ: "ಪೆಟ್ಟಿಗೆ ಬೇರೆ, ತಿದಿ ಬೇರೆ. ಎರಡು ಹೆಣ ಸೇರಿಸಿ ಒಬ್ಬ ಮದುಮಗನನ್ನು ಮಾಡಿದ್ದಾರೆ. ಮೋಸ. ಯಾರೂ ಕೊಳ್ಳಬೇಡಿ."

ಸಂಜೆ ಟೀ ಕುಡಿಯಲು ಬಂದ ರಟ್ಟಪ್ಪನಿಗೆ, ಮದುಮಗನ ಮಾತು ಹೇಗಿದೆ ನೋಡು ಎಂದು ಫೋನು ಕೊಟ್ಟ. ರಟ್ಟಪ್ಪ ಕನ್ನಡಕ ಹಣೆಗೇರಿಸಿ, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

"ಈ ಹಾಳೆ ನಂದು ಕಣೋ," ಎಂದ.

"ಯಾವ ಹಾಳೆ?"

"ಮಡಿಕೆ ಒಳಗಿರೋದು. ನೀನೇ ನನ್ನ ಹತ್ರ ತಿದಿ ಕಟ್ಟಿಸ್ಕೊಂಡಿದ್ದೆ, ನೀನೇ ಕೂರಿಸಿದ್ದೆ. ಇದು ಜೋಡಿಸಿದ ಪೆಟ್ಟಿಗೆ ಅಲ್ಲ."

"ನಿಂಗೆ ಕಣ್ಣು ಹೋಗಿದೆ. ನೀಲಿ ಹಾಳೆ ಪ್ರಪಂಚದಲ್ಲಿ ನೀನೊಬ್ಬನೇ ಮಾಡೋದಾ?"

"ಹಳದಿ ಓಡಿಹೋಗಿರೋ ನೀಲಿ ಹಾಳೆ ನಾನೊಬ್ಬನೇ ಮಾಡಿರೋದು. ಅಷ್ಟು ಕೆಟ್ಟದಾಗಿ ಇನ್ಯಾರೂ ಮಾಡಲ್ಲ."

ಅದು ಲೈಬ್ರರಿಯೊಂದರ ನಿಘಂಟುಗಳಿಗೆ, ರಟ್ಟಿನ ಒಳಬದಿಗೆ ಅಂಟಿಸಲು, ಯೌವನದಲ್ಲಿ ರಟ್ಟಪ್ಪ ನೀರಿನ ಮೇಲೆ ಬಣ್ಣ ತೇಲಿಸಿ ತೆಗೆದ ಹಾಳೆ. ಹಳದಿ ನಿಲ್ಲದೆ ನೀಲಿಯೊಳಗೆ ಹರಿದದ್ದರಿಂದ ಲೈಬ್ರರಿಯವರು ಮುಖಕ್ಕೆಸೆದು ಹೋಗಿದ್ದರು. ದುಡಿದು ಮಾಡಿದ ಹಾಳೆ ಎಸೆಯಲು ಮನಸ್ಸಾಗದೆ, ನದಿ ದಾಟಿಸುವ ಲಾಂಚಿನ ಡ್ರೈವರನೊಬ್ಬ ನೀರಿಗೆ ಬೀಳಿಸಿಕೊಂಡು ತಂದಿದ್ದ ಕನ್ಸರ್ಟಿನಾದ ತಿದಿಗೆ ಹಾಕಿದ್ದ. ಇಷ್ಟನ್ನೂ ಹೇಳಿದ. ಮೂಗಣ್ಣ ಕೇಳಿಸಿಕೊಳ್ಳಲಿಲ್ಲ. ನನ್ನ ಕೈಯಿಂದ ಹೋದ ಪೆಟ್ಟಿಗೆ ನನಗೆ ಮರೆಯುತ್ತದೆಯೇ, ನೀನು ಆ ಹೆಂಗಸಿನ ಕಡೆಯ ವಕೀಲನೇ ಎಂದು ಕೂಗಾಡಿದ. ಹಾಗಿದ್ದರೆ ಇನ್ನು ಮೇಲೆ ನಿನ್ನ ತಿದಿ ನೀನೇ ಕಟ್ಟಿಕೋ ಎಂದು ರಟ್ಟಪ್ಪ ಅರ್ಧ ಕುಡಿದ ಟೀ ಬಿಟ್ಟು ಎದ್ದುಬಂದ. ಅವನ ಸಿಟ್ಟು ಇಳಿಯಲಿಲ್ಲ. ಅಂಗಡಿಯಲ್ಲಿ ಅಂಟು ಕಲಸುತ್ತಲೂ, ಮನೆಯಲ್ಲಿ ಊಟ ಮಾಡುತ್ತಲೂ ಮೂಗಣ್ಣನಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದ. ಏನು ಗೊಣಗುತ್ತೀರಿ ಎಂದು ಹೆಂಡತಿ ಕೇಳಿದಳು. ನಿಮ್ಮ ಜಗಳದಲ್ಲಿ ಅನ್ನ ತಣ್ಣಗಾಗುತ್ತದೆ ಎಂದೂ ಹೇಳಿದಳು.

ಸೋಮವಾರ ಮಧ್ಯಾಹ್ನ ಮೂಗಣ್ಣನೇ ರಟ್ಟಪ್ಪನ ಅಂಗಡಿಗೆ ಬಂದ. ಯಾವತ್ತೂ ಬಂದವನಲ್ಲ, ಅಂಟಿನ ವಾಸನೆ ತನ್ನ ಮೂಗು ಕೆಡಿಸುತ್ತದೆ ಎನ್ನುತ್ತಿದ್ದ. ಬಾಗಿಲಲ್ಲೇ ನಿಂತ.

"ಎಡಗಡೆ ಕೆಳಗಿನ ಸ್ವರಕ್ಕೆ ಗಡಿಯಾರದ ಸ್ಪ್ರಿಂಗ್ ಕತ್ತರಿಸಿ ರೀಡು ಮಾಡಿದ್ದೆ," ಎಂದ. "ಅಲ್ಲಿದ್ದದ್ದು ತುಕ್ಕು ಹಿಡಿದು ಹೋಗಿತ್ತು. ಈಗ ನೆನಪಾಯ್ತು."

ಅವನಿಗೆ ಪೆಟ್ಟಿಗೆಗಳ ಮುಖ ನೆನಪಿರುತ್ತಿರಲಿಲ್ಲ, ದನಿ ನೆನಪಿರುತ್ತಿತ್ತು. ಬೇರೊಂದು ರೀಡನ್ನು ಅರದಿಂದ ಉಜ್ಜುತ್ತಿದ್ದಾಗ ಆ ಹಳೆಯ ಸ್ಪ್ರಿಂಗಿನ ದನಿ ಕಿವಿಗೆ ಬಂತಂತೆ. ಫೋಟೊದಿಂದ ದನಿ ಬರುವುದಿಲ್ಲ. ತಕ್ಷಣ ಜಾಹೀರಾತಿನಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದ. ಓಹೋ, ಮೋಸ ಅಂತ ಬರೆದವರು ನೀವೇನಾ ಎಂದು ಕೇಳಿದ ಆ ಹೆಂಗಸು, ನಾಳೆ ಒಬ್ಬರು ಬಂದು ಪೆಟ್ಟಿಗೆ ತಗೊಂಡು ಹೋಗ್ತಾರೆ, ನಿಮ್ಮ ಮಾತನ್ನೇ ತೋರಿಸಿ ಇದಕ್ಕೆ ಕಸದ ಬೆಲೆ ಅಂದ್ರು ಎಂದು ಹೇಳಿ ಫೋನ್ ಇಟ್ಟಿದ್ದಳು. ಬರುವವನು ಯಾರೆಂದು ಮೂಗಣ್ಣನಿಗೆ ಕೇಳಬೇಕಾಗಿರಲಿಲ್ಲ. ಫೋಟೊ ಕಳಿಸಿ ಕೊಳ್ಳಲೇ ಎಂದು ಕೇಳಿದ್ದ ಹಳೆ ಸಾಮಾನಿನ ವ್ಯಾಪಾರಿಯೇ. ಅವನು ಇಂಥ ಪೆಟ್ಟಿಗೆಗಳ ಹೊಟ್ಟೆ ಬಗೆದು, ಹಳೆಯ ಉಕ್ಕಿನ ರೀಡುಗಳನ್ನು ಕಿತ್ತು ಹೊಸ ಪೆಟ್ಟಿಗೆಗಳಿಗೆ ಹಾಕಿ ಮಾರುತ್ತಿದ್ದ. ಉಳಿದದ್ದು ಗುಜರಿಗೆ.

ಮಂಗಳವಾರ ಬೆಳಿಗ್ಗೆ ಇಬ್ಬರೂ ಜಾಹೀರಾತಿನಲ್ಲಿದ್ದ ವಿಳಾಸ ಹಿಡಿದು ಬಸ್ಸು ಹತ್ತಿದರು. ಮೂಗಣ್ಣ ದಾರಿಯುದ್ದಕ್ಕೂ ವ್ಯಾಪಾರಿಯನ್ನು ಬೈದ, ಡ್ರೈವರನನ್ನು ಬೈದ, ಸಿಗ್ನಲ್ಲುಗಳನ್ನು ಬೈದ. ತನ್ನನ್ನು ಮಾತ್ರ ಬೈದುಕೊಳ್ಳಲಿಲ್ಲ. ಬೈದುಕೊಳ್ಳಬೇಕೆಂದಿದೆ, ಬಾಯಿ ಬರುತ್ತಿಲ್ಲ ಎಂದು ರಟ್ಟಪ್ಪನಿಗೆ ಗೊತ್ತಿತ್ತು. ಅವನೂ ಸಹಾಯ ಮಾಡಲಿಲ್ಲ.

ಮೂರನೆಯ ಮಹಡಿಯ ಮನೆ. ತಂಗಿಯ ಮನೆಗೆ ಹೋಗಿ ಇರಲಿದ್ದ ಆ ಹೆಂಗಸು ಸಾಮಾನೆಲ್ಲ ಕಟ್ಟಿಟ್ಟಿದ್ದಳು. ಕರ್ಟನ್ ತೆಗೆದ ಕಿಟಕಿಗಳಿಂದ ಬಿಸಿಲು ನೇರ ಒಳಗೆ ಬಿದ್ದಿತ್ತು. ಬಾಗಿಲಿನ ಸರಪಳಿ ತೆಗೆಯದೆ ಸಂದಿಯಿಂದಲೇ ಮಾತಾಡಿದಳು.

"ಅವರು ಲಾಂಚ್ ಓಡಿಸ್ಕೊಂಡು ಬದುಕಿದವರು, ಇರೋ ತನಕ ಒಬ್ಬರ ಒಂದು ಚಮಚ ಮುಟ್ಟಿದವರಲ್ಲ," ಎಂದಳು. "ಹೋದ ಮೇಲೆ ಅವರನ್ನ ಮೋಸಗಾರ ಅಂತ ಬರೆದ್ರಲ್ಲ. ಇಡೀ ಊರು ಓದ್ತು. ಈಗ ಇಲ್ಲಿಗೇನು ಬಂದಿದ್ದು?"

ಬೈಯುವುದು ಬಿಟ್ಟು ಬೇರೆ ಮಾತು ಮೂಗಣ್ಣನಿಗೆ ಬೇಗ ಬರುತ್ತಿರಲಿಲ್ಲ. ರಟ್ಟಪ್ಪ ಮುಂದೆ ಬಂದ.

"ಅಮ್ಮಾ, ಆ ತಿದಿ ಕಟ್ಟಿದವನು ನಾನು," ಎಂದ. "ಒಂದ್ಸಲ ನೋಡೋಕೆ ಬಿಡಿ."

ಅವಳು ಅವನ ಬೆರಳುಗಳಿಗೆ ಮೆತ್ತಿದ್ದ ಅಂಟಿನ ಕಲೆಗಳನ್ನು ನೋಡಿ ಸರಪಳಿ ತೆಗೆದಳು.

ಪೆಟ್ಟಿಗೆ ಮೇಜಿನ ಮೇಲಿತ್ತು. ಮೂಗಣ್ಣ ಮೂಸಿದ. ಆಮೇಲೆ ಒಂದು ಬದಿಯ ಪಟ್ಟಿ ಹಿಡಿದು ಎತ್ತಿ, ಇನ್ನೊಂದು ಬದಿಯನ್ನು ಅದರ ಭಾರಕ್ಕೇ ಜಗ್ಗಲು ಬಿಟ್ಟ. ಎಲ್ಲಾದರೂ ಗಾಳಿ ಸೋರುತ್ತಿದ್ದರೆ ಅದು ಧಡಕ್ಕನೆ ಇಳಿಯುತ್ತದೆ. ಇದು ಇಳಿಯಲು ಮನಸ್ಸಿಲ್ಲದ ಹಾಗೆ ಒಂದೊಂದೇ ಮಡಿಕೆ ಬಿಚ್ಚಿಕೊಂಡು ನಿಧಾನಕ್ಕೆ ಇಳಿಯಿತು. ಪ್ರತಿ ಮಡಿಕೆಯೊಳಗೂ ಹಳದಿ ಹರಿದ ನೀಲಿ. ರಟ್ಟಪ್ಪ ಆ ಕಡೆ ನೋಡಿದ, ಆಮೇಲೆ ಗೆಳೆಯನ ಕಡೆ ನೋಡಿದ. ಮೂಗಣ್ಣ ಸ್ಕ್ರೂ ಬಿಚ್ಚಿ ಒಳಗಿನ ಹಲಗೆಗಳನ್ನು ತೆಗೆದ. ಎಡದ ಹಲಗೆಯಲ್ಲಿ, ಬಲದ ಹಲಗೆಯಲ್ಲಿ, ಗುಂಡಿಗಳ ಮನೆಯಲ್ಲಿ, ಎಲ್ಲ ಕಡೆಯೂ ಮಾಡಿದವರು ಒತ್ತಿದ ಸಂಖ್ಯೆ ಒಂದೇ. ಎಡಗಡೆ ಕೆಳಗೆ, ಬೂದು ಉಕ್ಕಿನ ಸಾಲಿನಲ್ಲಿ ಒಂದು ಮಾತ್ರ ನೀಲಿಛಾಯೆಯ ರೀಡು, ಗಡಿಯಾರದ ಸ್ಪ್ರಿಂಗಿನದು. ಮತ್ತೆ ಮುಚ್ಚಿ ಆ ಗುಂಡಿ ಒತ್ತಿದ.

"ಅದು ಸ್ವಲ್ಪ ಕೆಮ್ಮುತ್ತೆ," ಎಂದಳು ಆಕೆ. "ಅವರು ಇರಲಿ ಬಿಡು ಅಂತಿದ್ರು."

"ಕೆಮ್ಮಿದ್ರೆ ನನ್ನ ಹತ್ರ ತರಬೇಕಿತ್ತು," ಎಂದು ಮೂಗಣ್ಣ ಗದರಿದ. ಬಂದಮೇಲೆ ಅವನು ಆಡಿದ ಮೊದಲ ಮಾತು ಅದು. ಆಕೆಗೆ ನಗು ಬಂತು, ಹಾಗೇ ಕಣ್ಣೂ ತುಂಬಿತು.

ಅಷ್ಟರಲ್ಲಿ ವ್ಯಾಪಾರಿ ಬಂದ. ಮೂಗಣ್ಣನನ್ನು ಕಂಡು ಕೈಮುಗಿದು, ಗುರುಗಳು ಇಲ್ಲೇ ಇದ್ದೀರಿ, ಒಳ್ಳೆಯದೇ ಆಯಿತು, ನೀವೇ ಹೇಳಿಬಿಡಿ ಎಂದ. ಮೂಗಣ್ಣ ಈ ಪೆಟ್ಟಿಗೆ ಅಪ್ಪಟ, ಮುಟ್ಟಬೇಡ ಎಂದ. ವ್ಯಾಪಾರಿ ಫೋನು ತೆಗೆದು, ಎಲ್ಲರಿಗೂ ಕೇಳುವಂತೆ, ಎರಡು ಹೆಣ ಒಬ್ಬ ಮದುಮಗನ ಸಾಲನ್ನು ಓದಿದ.

"ಗುರುಗಳೇ, ಇದನ್ನ ಬರ್ದಿದ್ದು ನೀವೇ ಅಲ್ವಾ?"

"ನಾನೇ ಬರ್ದಿದ್ದು," ಎಂದ ಮೂಗಣ್ಣ. ಮುಖ ಕೆಂಪಗಾಗಿತ್ತು, ಕುತ್ತಿಗೆಯ ನರ ಉಬ್ಬಿತ್ತು. "ಬರ್ದವನು ಮುಠ್ಠಾಳ. ಕೈಯಲ್ಲಿ ಹಿಡೀದೆ ಬರ್ದ. ಅದನ್ನ ಹಿಡ್ಕೊಂಡು ಗಂಡ ಸತ್ತಿರೋ ಮನೆಗೆ ಬಂದ್ಯಲ್ಲ, ನೀನು ಅವನಿಗಿಂತ ಕಡೆ. ಇಳಿ ಮೆಟ್ಟಿಲು."

ವ್ಯಾಪಾರಿ ಆಕೆಯ ಕಡೆ ತಿರುಗಿ, ನಿನ್ನೆ ಒಪ್ಪಿಕೊಂಡಿದ್ದಿರಿ ಎಂದ. ಆಕೆ ಪೆಟ್ಟಿಗೆ ಎತ್ತಿಕೊಂಡು ಮಡಿಲಲ್ಲಿಟ್ಟು ಕೂತಳು. ನಿನ್ನೆ ಇದು ಕಸ ಅಂತ ನೀವು ಹೇಳಿದ್ದಿರಿ, ಕಸವನ್ನು ಯಾರಾದರೂ ಇಷ್ಟು ದೂರ ಹುಡುಕಿಕೊಂಡು ಬರುತ್ತಾರೆಯೇ ಎಂದು ಕೇಳಿದಳು. ಅವನು ಗೊಣಗುತ್ತ ಇಳಿದುಹೋದ.

ಹಾಗಾದರೆ ಯಾರಿಗೆ ಕೊಡಲಿ ಎಂದು ಆಕೆ ಕೇಳಿದ್ದಕ್ಕೆ, ಬೇಕಾದವರು ಇಲ್ಲಿಗೆ ಬರಲಿ, ನಿಮ್ಮೆದುರು ಕೂತು ನುಡಿಸಲಿ, ನಿಮ್ಮ ಕಿವಿಗೆ ಹಿಡಿಸಿದವರಿಗೆ ಕೊಡಿ ಎಂದ ಮೂಗಣ್ಣ. ಬಾಗಿಲ ಹತ್ತಿರ ತಿರುಗಿ ನಿಂತು, ಇನ್ನೇನೋ ಹೇಳಲು ಹೊರಟವನಂತೆ ಗಂಟಲು ಸರಿಮಾಡಿಕೊಂಡ. "ನಿಮ್ಮ ಯಜಮಾನರು ಪೆಟ್ಟಿಗೇನ ಚೆನ್ನಾಗಿ ಇಟ್ಕೊಂಡಿದ್ರು," ಎಂದ. ಅವನ ಬಾಯಲ್ಲಿ ಕ್ಷಮೆ ಅನ್ನುವುದು ಅಷ್ಟೇ ಉದ್ದಕ್ಕೆ ಬರುತ್ತಿತ್ತು. ಆಕೆಗೆ ಸಾಕಾಯಿತು ಎಂದು ಕಾಣುತ್ತದೆ, ತಲೆಯಾಡಿಸಿದಳು.

ಬಸ್ಸಿಳಿದ ಮೇಲೆ ರಟ್ಟಪ್ಪ ಮೇಲೆ ಬರಲೇ ಎಂದು ಕೇಳಿದ. ಬೇಡ, ನೀನು ಬಂದರೆ ನಗುತ್ತೀಯ, ನನಗೆ ಬರೆಯುವುದಿದೆ ಎಂದು ಅವನು ಒಬ್ಬನೇ ಮೆಟ್ಟಿಲು ಹತ್ತಿದ. ಎದೆ ಹಿಡಿದುಕೊಳ್ಳಲಿಲ್ಲ, ಮುಗ್ಗರಿಸಲಿಲ್ಲ. ಹಾಗೇನಾದರೂ ಆಗಿದ್ದರೆ ರಟ್ಟಪ್ಪ ಬಿಟ್ಟುಬರುತ್ತಿದ್ದನೇ. ಆ ಮೆಟ್ಟಿಲುಗಳ ಮೇಲೂ ಅವನಿಗೀಗ ಸಿಟ್ಟು.

ಅಂತ್ಯಕ್ರಿಯೆಯಿಂದ ಹೊರಟುಬಂದ ರಟ್ಟಪ್ಪ ನೇರ ಅಂಗಡಿಗೆ ಹೋಗಿ, ಬಾಗಿಲು ಅರ್ಧ ಎಳೆದುಕೊಂಡು, ಫೋನಿನಲ್ಲಿ ಆ ಜಾಹೀರಾತು ತೆರೆದ. ಹಳೆಯ ಸಾಲನ್ನು ಮೂಗಣ್ಣ ಅಳಿಸಿರಲಿಲ್ಲ. ಅದರ ಕೆಳಗೆ ಬರೆದಿದ್ದ: "ಮೇಲೆ ಬರೆದದ್ದು ತಪ್ಪು. ಪೆಟ್ಟಿಗೆ ಅಪ್ಪಟ. ತಿದಿ ನನ್ನ ಗೆಳೆಯ ಕಟ್ಟಿದ್ದು, ಕೂರಿಸಿದವನು ನಾನು, ಮರೆತವನೂ ನಾನೇ. ಮಾರುವವರ ಮನೆಯಲ್ಲಿ ಮೋಸ ಇಲ್ಲ." ಯಾರೋ ಗುರುತಿಲ್ಲದವನು ಅದಕ್ಕೆ ಉತ್ತರವಾಗಿ, ಹಾಗಾದರೆ ಫೋಟೊ ನೋಡಿ ಅಸಲಿ ನಕಲಿ ಗೊತ್ತುಮಾಡಿಕೊಳ್ಳುವುದು ಹೇಗೆ ಸಾರ್ ಎಂದು ಕೇಳಿದ್ದ.

ಮೂಗಣ್ಣ ಅವನಿಗೆ ಬರೆದಿದ್ದ: "ಗೊತ್ತಾಗಲ್ಲ. ಬಸ್ ಹತ್ತು."