ಬ್ರೇಕು ತುಳಿಯದ ಕೆರಿಯಪ್ಪ

ಕೆರಿಯಪ್ಪ ಹಿನ್ನೀರು ದಾಟಿಸುವ ಲಾಂಚನ್ನು ದಡಕ್ಕೆ ತಂದರೆ ಕೂತವರ ಕೈಯಲ್ಲಿದ್ದ ಚಹಾ ತುಳುಕುತ್ತಿರಲಿಲ್ಲ. ತುಮರಿ ಕಡೆ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ. ಲಾಂಚಿಗೆ ಬ್ರೇಕು ಎಲ್ಲಿಂದ ಬರಬೇಕು? ದಡ ಇನ್ನೂ ದೂರವಿರುವಾಗಲೇ ಇಂಜಿನ್ ತಗ್ಗಿಸಿ, ನೀರಿನ ಮೇಲೆ ತಾನಾಗಿ ಜಾರಿ ಬರಲು ಬಿಟ್ಟು, ಮೆಲ್ಲಗೆ ಮುಟ್ಟಿಸುವುದೇ ಅವನ ವಿದ್ಯೆ. ಅದರ ಮೇಲೆ ಅವನಿಗೆ ಜಂಬವೂ ಇತ್ತು. ಇರಲಿ ಬಿಡಿ, ಅರ್ಧ ಆಯುಷ್ಯ ಹಿನ್ನೀರಿನ ಮೇಲೆ ಕಳೆದವನಿಗೆ ಅಷ್ಟೂ ಬೇಡವೇ.

ಹಿನ್ನೀರಿಗೆ ಸೇತುವೆ ಆಯಿತು. ಊರೆಲ್ಲ ಸಿಹಿ ಹಂಚಿತು, ಕೆರಿಯಪ್ಪನೂ ತಿಂದ. ಲಾಂಚು ನಿಂತಿತು, ಅವನ ಕೆಲಸವೂ ಹೋಯಿತು. ಆದರೆ ಕೂತು ಉಣ್ಣುವ ಜಾಯಮಾನ ಅವನದಲ್ಲ. ಯಾರೋ ಓಡಿಸಿ ಬಿಟ್ಟ ಎಲೆಕ್ಟ್ರಿಕ್ ಕಾರೊಂದನ್ನು ಕೊಂಡು ಬಾಡಿಗೆಗೆ ಇಳಿದ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಕಾರು ತಾನೇ ನಿಧಾನವಾಗುತ್ತಿತ್ತು. "ಇದು ಕಾರಲ್ಲ ಕಣೇ, ನಮ್ ಲಾಂಚೇ" ಎಂದು ಹೆಂಡತಿ ಮಾಸ್ತಮ್ಮನ ಮುಂದೆ ಹಿಗ್ಗಿದ. ಬ್ರೇಕು ತುಳಿಯುವುದು ಮುಂದಾಲೋಚನೆ ಇಲ್ಲದವರ ಕೆಲಸ ಎಂದುಕೊಂಡ.

ಅವನ ಕಾಯಂ ಬಾಡಿಗೆ ಎಂದರೆ ವಿಶಾಲಮ್ಮನವರು. ಅಂಗನವಾಡಿಯಲ್ಲಿ ಊರಿನ ಅರ್ಧ ಮಕ್ಕಳ ಮೂಗು ಒರೆಸಿದ ಹೆಂಗಸು, ಈಗ ವಾರಕ್ಕೆರಡು ಸಲ ಸಾಗರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬರುವಾಗ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ನಿದ್ದೆ ಹೋಗುತ್ತಿದ್ದರು. "ಮನೇಲಿ ರಾತ್ರಿಯೆಲ್ಲಾ ಎಚ್ಚರ ಕಣೋ. ನಿನ್ ಕಾರಲ್ಲೇ ನಂಗೆ ಕಣ್ಣು ಹತ್ತೋದು" ಎಂದು ಒಮ್ಮೆ ಅಂದಿದ್ದರು. ಆ ಮಾತು ಕೆರಿಯಪ್ಪನಿಗೆ ಬಾಡಿಗೆಗಿಂತ ದೊಡ್ಡದು.

ಹಾಗಿರುವಾಗ ಕಾರಿಗೆ ಏನೋ ಬಡಿಯಿತು. ಅರ್ಧ ಚಾರ್ಜು ಉಳಿಸಿಕೊಂಡು ಮನೆ ಸೇರುತ್ತಿದ್ದ ಗಾಡಿ ಸೇತುವೆ ಹತ್ತುವಷ್ಟರಲ್ಲಿ ಏದುಸಿರು ಬಿಡತೊಡಗಿತು. ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ. ಬ್ಯಾಟರಿ ಸತ್ತಿದೆ ಎಂದ ಒಬ್ಬ. ನಮ್ಮೂರಿನ ಕರೆಂಟಿಗೇ ದಮ್ಮಿಲ್ಲ ಎಂದ ಇನ್ನೊಬ್ಬ. ಮಾಸ್ತಮ್ಮ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ಕೆರಿಯಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಲಾಂಚಾಗಿದ್ದರೆ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ, ಈ ಮೂಕ ಗಾಡಿಯ ಹೊಟ್ಟೆಯೊಳಗೆ ಏನಿದೆ ಎಂದು ಯಾರಿಗೆ ಗೊತ್ತು.

ಒಂದು ಶುಕ್ರವಾರ ಸಾಗರದಿಂದ ಬರುವಾಗ ಸೇತುವೆಗೆ ಮೊದಲೇ ಚಾರ್ಜು ಮುಗಿದು ಕಾರು ನಿಂತುಬಿಟ್ಟಿತು. ವಿಶಾಲಮ್ಮ ಬಿಸಿಲಿನಲ್ಲಿ ಮೋರಿಕಟ್ಟೆಯ ಮೇಲೆ ಕೂತರು. ಸೊಸೆ ತನುಜಾ ಬೇರೆ ಗಾಡಿ ತಂದು ಅತ್ತೆಯನ್ನು ಹತ್ತಿಸಿಕೊಂಡಳು.

"ಕೆರಿಯಪ್ಪಣ್ಣ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ಬೇರೆ ಗಾಡಿ ಹೇಳ್ತೀವಿ."

"ಮಂಗಳವಾರದೊಳಗೆ ಸರಿ ಮಾಡಿಸ್ತೀನಿ ತಂಗಿ. ಒಂದೇ ಒಂದ್ಸಲ ನೋಡು."

ತನುಜಾ ಗಾಡಿ ಹತ್ತಿ ಬಾಗಿಲು ಎಳೆದುಕೊಂಡಳು. ಅವಳದೇನು ತಪ್ಪು ಹೇಳಿ. ಕೆರಿಯಪ್ಪನಿಗೆ ಮಾತ್ರ ಲಾಂಚು ಹೋದಾಗಲೂ ಇಷ್ಟು ಸಂಕಟವಾಗಿರಲಿಲ್ಲ.

ಸೋಮವಾರ ಕಾರಿಗೆ ಪೂರ್ತಿ ಚಾರ್ಜು ತುಂಬಿಸಿಕೊಂಡು ಸಾಗರದ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ರಾಘವೇಂದ್ರ ಜೀಪು ಬಿಚ್ಚಿ ಬೆಳೆದವನು, ಕಾರು ಕಂಡೊಡನೆ ತಲೆ ಕೆರೆದುಕೊಂಡ. "ಬ್ಯಾಟರಿ ವಿಷ್ಯ ನಂಗೊತ್ತಿಲ್ಲ ಮಾರಾಯ್ರೆ. ಗೊತ್ತಿರೋದ್ರಿಂದ ಶುರು ಮಾಡಣ." ಒಂದು ಸುತ್ತು ಓಡಿಸಿ ಬಂದು, "ಕಾಲು ತೆಗೆದ್ರೆ ಹಿಡಿತದೆ, ಬ್ರೇಕೇ ಜಾಮು" ಎಂದ.

"ಅದು ಇದ್ರ ಗುಣ. ಹಂಗೆ ಹಿಡ್ದು ಕರೆಂಟು ವಾಪಸ್ ತುಂಬ್ಕೊಳ್ಳತ್ತೆ."

ಯಾವುದು ಗುಣ, ಯಾವುದು ರೋಗ? ರಾಘವೇಂದ್ರ ಹೇಳಿದಂತೆ ಇಬ್ಬರೂ ಸಮತಟ್ಟು ರಸ್ತೆಯಲ್ಲಿ ಕಾರನ್ನು ನ್ಯೂಟ್ರಲ್ಲಿಗೆ ಹಾಕಿದರು, ಆಗ ಮೋಟಾರು ಹಿಡಿಯುವುದಿಲ್ಲ. ಜಾರಿಕೊಂಡು ಹೋಗಬೇಕಾದ ಕಾರು ನಾಲ್ಕು ಮಾರು ಹೋಗಿ ನಿಂತಿತು. ಯಾವುದು ಕಾದಿದೆ ಎಂದು ನೋಡಲು ಒಂದೊಂದೇ ಚಕ್ರಕ್ಕೆ ನೀರು ಚಿಮುಕಿಸಿದರು. ಎಡಗಡೆಯ ಹಿಂದಿನ ಚಕ್ರ ಮಾತ್ರ ಒಗ್ಗರಣೆಯ ಹಾಗೆ ಚುಂಯ್ ಎಂದಿತು.

ಜಾಕ್ ಏರಿಸಿ ತಿರುಗಿಸಿದರೆ ಚಕ್ರ ಅಲ್ಲಾಡಲೊಲ್ಲದು. ಬಿಚ್ಚಿದರೆ ಒಳಗೆಲ್ಲ ಕೆಂಪು ತುಕ್ಕು. ಬ್ರೇಕ್ ಪ್ಯಾಡು ಹಿಂದೆ ಸರಿಯಲು ಜಾರಬೇಕಾದ ಪಿನ್ನುಗಳೇ ಕಚ್ಚಿಕೊಂಡಿದ್ದವು, ಪ್ಯಾಡು ಸದಾ ಡಿಸ್ಕನ್ನು ಅಪ್ಪಿಕೊಂಡೇ ಇತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಮೋಟಾರು ಮುಂದಕ್ಕೆ, ಬ್ರೇಕು ಹಿಂದಕ್ಕೆ. ನಡುವೆ ಚಾರ್ಜೆಲ್ಲ ಸುಟ್ಟು ಹೋಗುತ್ತಿತ್ತು.

"ನೀವು ಬ್ರೇಕ್ ತುಳಿಯೋದು ಎಷ್ಟು?" ರಾಘವೇಂದ್ರ ಕೇಳಿದ.

"ತುಳಿಯೋದೇ ಇಲ್ಲ" ಎಂದ ಕೆರಿಯಪ್ಪ, ಎದೆಯುಬ್ಬಿಸಿಯೇ.

"ಅದೇ ಆಗಿದ್ದು. ನಮ್ ಕಡೆ ಮಳೇಲಿ, ಕೆಲ್ಸ ಇಲ್ದೆ ಕೂತ ಕಬ್ಬಿಣ ಉಳಿಯುತ್ತಾ?"

ಕೆರಿಯಪ್ಪ ಪಿಳಿಪಿಳಿ ನೋಡಿದ. ಇಷ್ಟು ವರ್ಷ ಊರು ಹೊಗಳಿದ್ದು ಇದನ್ನೇ ಅಲ್ಲವೇ? "ಹಂಗಾದ್ರೆ ನಾನು ಚೆನ್ನಾಗಿ ಓಡ್ಸಿದ್ದೇ ತಪ್ಪಾ?"

"ತಪ್ಪು ಅಂತ ಹೆಂಗೆ ಹೇಳ್ಲಿ..." ರಾಘವೇಂದ್ರ ಪಿನ್ನು ಉಜ್ಜಿ, ಗ್ರೀಸು ಹಚ್ಚಿ, ಡಿಸ್ಕು ತಿಕ್ಕಿ, ಹೊಸ ಪ್ಯಾಡು ಕೂರಿಸಿದ. ಚಕ್ರ ಬೆರಳಿಗೇ ತಿರುಗಿತು. "ದಿನಾ ಒಂದಿಷ್ಟು ಸಲ ಗಟ್ಟಿಯಾಗಿ ತುಳೀರಿ. ಇಲ್ಲಾಂದ್ರೆ ಮತ್ತೆ ಬರ್ತೀರಿ."

ಗಟ್ಟಿಯಾಗಿ ತುಳಿದರೆ ಕಾರು ಎಗರುತ್ತದೆ. ಎಗರಿದರೆ ವಿಶಾಲಮ್ಮನವರಿಗೆ ಎಚ್ಚರವಾಗುತ್ತದೆ. ದಾರಿಯುದ್ದಕ್ಕೂ ಕೆರಿಯಪ್ಪನ ತಲೆಯಲ್ಲಿ ಇದೇ ಸುತ್ತಿತು.

ಮಂಗಳವಾರ ಬೆಳಿಗ್ಗೆ ತುಮರಿಯ ಚಹಾ ಅಂಗಡಿಯ ಜನಕ್ಕೆ ಪುಕ್ಕಟೆ ತಮಾಷೆ ಸಿಕ್ಕಿತು. ಕೆರಿಯಪ್ಪನ ಖಾಲಿ ಕಾರು ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಮತ್ತೆ ಓಡುತ್ತದೆ, ಮತ್ತೆ ಗಕ್ಕನೆ ನಿಲ್ಲುತ್ತದೆ. "ನೋಡ್ರೋ, ಲಾಂಚ್ ಬಿಟ್ಟೋನು ಈಗ ಕಾರು ಕಲೀತಿದಾನೆ" ಎಂದು ಯಾರೋ ಕೂಗಿದರು. ಕೆರಿಯಪ್ಪನ ಕಿವಿ ಕೆಂಪಾಯಿತು. ಇಳಿದು ವಿವರಿಸಬಹುದಿತ್ತು. ವಿವರಿಸಲಿಲ್ಲ, ಇನ್ನೊಮ್ಮೆ ತುಳಿದ.

ತನುಜಾ ಗೇಟಿನಲ್ಲಿ ನಿಂತು ಎಲ್ಲ ನೋಡಿದ್ದಳು. "ಇನ್ನೂ ಸರಿಯಾಗಿಲ್ವಾ ಅಣ್ಣ?"

"ಸರಿಯಾಗಿದೆ. ಅಮ್ಮ ಹತ್ತೋಕೆ ಮುಂಚೆ ಇದನ್ನ ಮುಗಿಸ್ಬೇಕಿತ್ತು ಅಷ್ಟೇ."

ಅವಳಿಗೆ ಅರ್ಥವಾಗಲಿಲ್ಲ. ಬೇರೆ ಗಾಡಿಗೆ ಫೋನು ಮಾಡಲೋ ಬೇಡವೋ ಎಂದು ನಿಂತಿದ್ದಾಗ ವಿಶಾಲಮ್ಮ ತಾವೇ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತರು. "ನಡಿಯೋ" ಎಂದರು.

ಸಂಜೆ ಸೇತುವೆ ದಾಟುವಾಗ ಅರ್ಧಕ್ಕಿಂತ ಹೆಚ್ಚು ಚಾರ್ಜಿತ್ತು. ಮನೆ ಇನ್ನೂ ದೂರವಿರುವಾಗಲೇ ಕೆರಿಯಪ್ಪ ಕಾಲು ತೆಗೆದ. ಕಾರು ತಾನಾಗಿ ಜಾರಿ ಬಂದು ಗೇಟಿನ ಮುಂದೆ ನಿಂತಿತು. ತನುಜಾ ಬಾಗಿಲು ತೆಗೆಯಲು ಬಂದಳು. ಅವನು ಬೆರಳನ್ನು ತುಟಿಯ ಮೇಲಿಟ್ಟು ಹಿಂದಿನ ಸೀಟಿನ ಕಡೆ ತೋರಿಸಿದ. ಅವಳು ಬಾಗಿಲಿನಿಂದ ಕೈ ತೆಗೆದು, ಅಲ್ಲೇ ಜಗುಲಿಯ ಮೇಲೆ ಕೂತು ಕಾದಳು.